ಬರಿಗಾಲಿನ ಸಲೀಂ ಮತ್ತು ನಗದು ಮಾಡದ ನೂರು ಪೌಂಡು

ಫುಟ್ಬಾಲ್ ಅಂದ್ರೆ ಇಂದು ನಮ್ಮ ಮಕ್ಕಳಿಗೆ ಮೆಸ್ಸಿ, ರೊನಾಲ್ಡೊ, ಸಲಾಹ್ ಎಲ್ಲರ ಹೆಸರೂ ಬಾಯಿಪಾಠ. ಆದರೆ ಯುರೋಪಿನ ಕ್ಲಬ್ಬೊಂದರ ಜೆರ್ಸಿ ತೊಟ್ಟು ಮೈದಾನಕ್ಕೆ ಇಳಿದ ಮೊದಲ ಭಾರತೀಯ ಯಾರು ಅಂತ ಕೇಳಿದರೆ ಹೆಚ್ಚಿನವರು ಸುಮ್ಮನಾಗ್ತಾರೆ. ಅವರ ಹೆಸರು ಮುಹಮ್ಮದ್ ಸಲೀಂ. ಕಾಲಿಗೆ ಬೂಟು ಇಲ್ಲದೆ, ಬರೀ ಬಟ್ಟೆಯ ಪಟ್ಟಿ ಸುತ್ತಿಕೊಂಡು ಸ್ಕಾಟ್‌ಲ್ಯಾಂಡಿನ ಹುಲ್ಲಿನ ಮೇಲೆ ಆಡಿದವರು. ಅವರ ಆಟದ ಕಥೆಯನ್ನು ಕೆಲವರಾದರೂ ಕೇಳಿರಬಹುದು. ಆಟ ಮುಗಿದ ಮೇಲಿನ ಕಥೆ ಅದಕ್ಕಿಂತ ದೊಡ್ಡದು.

ಸಲೀಂ ಹುಟ್ಟಿದ್ದು 1904ರಲ್ಲಿ, ಕಲ್ಕತ್ತಾದ ಮಟಿಯಾಬುರ್ಜ್‌ನಲ್ಲಿ. ಹೂಗ್ಲಿ ನದಿಯ ದಂಡೆಯ ಮೇಲಿರುವ ಊರು ಅದು. ಬ್ರಿಟಿಷರು 1856ರಲ್ಲಿ ಅವಧ್ ರಾಜ್ಯವನ್ನು ಕಿತ್ತುಕೊಂಡಾಗ ನವಾಬ ವಾಜಿದ್ ಅಲಿ ಶಾಹ್ ಲಕ್ನೋ ಬಿಟ್ಟು ಬಂದು ನೆಲೆಸಿದ್ದು ಇಲ್ಲೇ. ನವಾಬರ ಜೊತೆ ಬಂದ ಅಡುಗೆಯವರು, ದರ್ಜಿಗಳು, ಗಾಯಕರು, ಕುಶಲಕರ್ಮಿಗಳು ಅಲ್ಲೇ ಉಳಿದರು. ಇವತ್ತಿಗೂ ಮಟಿಯಾಬುರ್ಜ್ ಅಂದ್ರೆ ಹೊಲಿಗೆ ಮೆಷಿನಿನ ಸದ್ದು. ಸಲೀಂ ಅವರ ಮನೆಯೂ ಅಂಥದೇ ಸಾಧಾರಣ ಕುಟುಂಬ. ಶಾಲೆಯ ಓದು ಹೆಚ್ಚು ಕೈಹಿಡಿಯಲಿಲ್ಲ. ಕಾಲು ಮಾತ್ರ ಚೆಂಡಿಗೆ ಅಂಟಿಕೊಂಡಿತು.

ಸಲೀಂಗೆ 7 ವರ್ಷವಾಗಿದ್ದಾಗ, 1911ರ ಜುಲೈ 29ರಂದು, ಕಲ್ಕತ್ತಾದಲ್ಲಿ ದೊಡ್ಡದೊಂದು ಸಂಗತಿ ನಡೆಯಿತು. ಐಎಫ್ಎ ಶೀಲ್ಡ್ ಫೈನಲಿನಲ್ಲಿ ಮೋಹನ್ ಬಾಗಾನ್ ತಂಡ ಬ್ರಿಟಿಷ್ ಸೇನೆಯ ಈಸ್ಟ್ ಯಾರ್ಕ್‌ಶೈರ್ ರೆಜಿಮೆಂಟ್ ತಂಡವನ್ನು 2-1 ಗೋಲುಗಳಿಂದ ಸೋಲಿಸಿತು. ಆ ತಂಡದ ಒಬ್ಬರನ್ನು ಬಿಟ್ಟು ಉಳಿದವರೆಲ್ಲ ಬರಿಗಾಲಿನವರು. ಬೂಟು ಹಾಕಿದ ದೊರೆಯನ್ನು ಬರಿಗಾಲಿನವ ಸೋಲಿಸಬಹುದು ಎಂಬ ಧೈರ್ಯ ಆ ದಿನ ಬಂಗಾಳದ ಗಲ್ಲಿಗಲ್ಲಿಗೆ ಹರಿಯಿತು. ಮಟಿಯಾಬುರ್ಜ್‌ನ ಹುಡುಗರಿಗೂ ಅದು ತಲುಪಿತು.

ಸಲೀಂ 1926ರಲ್ಲಿ ಬೌಬಜಾರಿನ ಚಿತ್ತರಂಜನ್ ಕ್ಲಬ್ಬು ಸೇರಿದರು. ಆಮೇಲೆ ಸ್ಪೋರ್ಟಿಂಗ್ ಯೂನಿಯನ್, ಈಸ್ಟ್ ಬೆಂಗಾಲ್, ಆರ್ಯನ್ಸ್ ಹೀಗೆ ಹಲವು ಕ್ಲಬ್ಬುಗಳಲ್ಲಿ ಆಡಿದರು. ಕೊನೆಗೆ 1934ರಲ್ಲಿ ಮೊಹಮ್ಮದನ್ ಸ್ಪೋರ್ಟಿಂಗ್ ತಂಡದಲ್ಲಿ ನೆಲೆ ನಿಂತರು. ಈ ಕ್ಲಬ್ಬು 1891ರಲ್ಲಿ ಸ್ಥಾಪನೆಯಾದದ್ದು. ಕಪ್ಪು ಬಿಳಿ ಜೆರ್ಸಿ. ಬಂಗಾಳ, ಅಸ್ಸಾಂ, ಢಾಕಾ, ಬಿಹಾರದ ಸಾಮಾನ್ಯ ಮುಸ್ಲಿಮರಿಗೆ ಅದು ಬರೀ ಕ್ಲಬ್ಬಲ್ಲ, ಮನೆಯ ಹೆಸರಿದ್ದ ಹಾಗೆ.

ಕಲ್ಕತ್ತಾ ಲೀಗ್ ಆರಂಭವಾದದ್ದು 1898ರಲ್ಲಿ. ಅಲ್ಲಿಂದ ಮೂವತ್ತೈದು ವರ್ಷ ಅದನ್ನು ಗೆದ್ದವರೆಲ್ಲ ಬ್ರಿಟಿಷರು. ಒಂದೋ ಸೇನೆಯ ತಂಡ, ಇಲ್ಲವೇ ಬಿಳಿಯರ ಕ್ಲಬ್ಬು. ಎರಡನೇ ದರ್ಜೆಯಿಂದ ಆಗಷ್ಟೇ ಮೇಲೆ ಬಂದ ಮೊಹಮ್ಮದನ್ ಸ್ಪೋರ್ಟಿಂಗ್ 1934ರಲ್ಲಿ ಆ ಸಾಲನ್ನು ಮುರಿಯಿತು. ಲೀಗ್ ಗೆದ್ದ ಮೊದಲ ಭಾರತೀಯ ಕ್ಲಬ್ಬು ಅದೇ. ಒಂದು ಸಲ ಅಲ್ಲ, 1934ರಿಂದ 1938ರ ತನಕ ಸತತ ಐದು ವರ್ಷ ಗೆದ್ದಿತು. 1936ರಲ್ಲಿ ಶೀಲ್ಡನ್ನೂ ತಂದಿತು. ಆ ತಂಡದ ರೈಟ್ ವಿಂಗ್‌ನಲ್ಲಿ, ಅಂದರೆ ಮೈದಾನದ ಬಲ ಅಂಚಿನಲ್ಲಿ ಚೆಂಡು ಒಯ್ಯುತ್ತಿದ್ದವರು ಸಲೀಂ.

ಇಲ್ಲೊಂದು ಮಾತು ನೆನಪಿಟ್ಟುಕೊಳ್ಳಬೇಕು. ಆಗಿನ ನಮ್ಮ ದೇಶದ ಫುಟ್ಬಾಲಿನಲ್ಲಿ ಆಟಗಾರನಿಗೆ ಸಂಬಳ ಅಂತ ಇರ್ಲಿಲ್ಲ. ಆಟ ಹವ್ಯಾಸ ಎಂಬುದೇ ನಿಯಮ. ಸಾವಿರಾರು ಜನ ಬೇಲಿ ಹತ್ತಿ, ಮರ ಹತ್ತಿ ನೋಡುತ್ತಿದ್ದರು. ಗೆದ್ದ ರಾತ್ರಿ ಹೆಗಲ ಮೇಲೆ ಹೊತ್ತು ಮೆರೆಸುತ್ತಿದ್ದರು. ಆದರೆ ಮೊಣಕಾಲು ಸೋತ ಮೇಲೆ ಮನೆಗೆ ಅಕ್ಕಿ ಎಲ್ಲಿಂದ ಬರಬೇಕು ಎಂಬ ಪ್ರಶ್ನೆಗೆ ಆ ಜೈಕಾರದಲ್ಲಿ ಉತ್ತರ ಇರಲಿಲ್ಲ.

1936ರಲ್ಲಿ ಬರ್ಲಿನ್ ಒಲಿಂಪಿಕ್ಸ್‌ಗೆ ಹೊರಟಿದ್ದ ಚೀನಾ ತಂಡ ದಾರಿಯಲ್ಲಿ ಕಲ್ಕತ್ತಾದಲ್ಲಿ ಇಳಿದು ಎರಡು ಸ್ನೇಹಪಂದ್ಯಗಳಿಗೆ ಒಪ್ಪಿತು. ಮೊದಲ ಪಂದ್ಯದಲ್ಲಿ ಸಲೀಂ ಆಟ ನೋಡಿ ಚೀನಾದವರೂ ತಲೆದೂಗಿದರಂತೆ. ಎರಡನೇ ಪಂದ್ಯದ ಹೊತ್ತಿಗೆ ಸಲೀಂ ಊರಲ್ಲೇ ಇಲ್ಲ! ಬ್ರಿಟನ್ನಿನಲ್ಲಿ ನೆಲೆಸಿದ್ದ ಅವರ ದಾಯಾದಿ ತಮ್ಮನೊಬ್ಬ ಆಗ ಊರಿಗೆ ಬಂದಿದ್ದ. ಈ ಕಾಲುಗಳನ್ನು ಅಲ್ಲಿಯ ಜನ ನೋಡಬೇಕು ಅಂತ ಹಟ ಹಿಡಿದು ಹಡಗು ಹತ್ತಿಸಿಬಿಟ್ಟ. ಲಂಡನ್ ಮುಟ್ಟಿ, ಅಲ್ಲಿಂದ ಗ್ಲಾಸ್ಗೋ ನಗರಕ್ಕೆ ಹೋದರು.

ಗ್ಲಾಸ್ಗೋದಲ್ಲಿ ಅವರು ಬಾಗಿಲು ತಟ್ಟಿದ್ದು ಸೆಲ್ಟಿಕ್ ಕ್ಲಬ್ಬಿನದು. ಈ ಕ್ಲಬ್ಬು ಹುಟ್ಟಿದ ಬಗೆಯನ್ನು ತಿಳಿದರೆ ಮುಂದಿನದು ಸುಲಭವಾಗಿ ಅರ್ಥವಾಗುತ್ತದೆ. ಹತ್ತೊಂಬತ್ತನೇ ಶತಮಾನದ ನಡುವಿನಲ್ಲಿ ಐರ್ಲೆಂಡಿನಲ್ಲಿ ಭೀಕರ ಬರ ಬಂತು. ಲಕ್ಷಗಟ್ಟಲೆ ಜನ ಹೊಟ್ಟೆಪಾಡಿಗೆ ಊರು ಬಿಟ್ಟರು. ಗ್ಲಾಸ್ಗೋದ ಪೂರ್ವ ಭಾಗದಲ್ಲಿ ಬಂದು ತುಂಬಿಕೊಂಡ ಆ ಬಡ ವಲಸಿಗರ ಮಕ್ಕಳು ಹಸಿದ ಹೊಟ್ಟೆಯಲ್ಲೇ ಶಾಲೆಗೆ ಬರುತ್ತಿದ್ದರು. ವಾಲ್‌ಫ್ರಿಡ್ ಎಂಬ ಕ್ರೈಸ್ತ ಶಿಕ್ಷಕ ಸಹೋದರರು ಆ ಮಕ್ಕಳ ಊಟಕ್ಕೆ ಹಣ ಕೂಡಿಸಲೆಂದೇ 1887ರ ನವೆಂಬರಿನಲ್ಲಿ ಚರ್ಚಿನ ಹಾಲ್ ಒಂದರಲ್ಲಿ ಸಭೆ ಸೇರಿಸಿ ಫುಟ್ಬಾಲ್ ಕ್ಲಬ್ಬು ಕಟ್ಟಿದರು. 1888ರ ಮೇ 28ರಂದು ಅದರ ಮೊದಲ ಪಂದ್ಯ ನಡೆಯಿತು. ಜನ ಆಟ ನೋಡಲು ಕೊಟ್ಟ ದುಡ್ಡು ಮಕ್ಕಳ ತಟ್ಟೆಗೆ ಊಟವಾಗಬೇಕು, ಇಷ್ಟೇ ಲೆಕ್ಕ. ಮುಂದೆ ಅದು ವೃತ್ತಿಪರ ಕ್ಲಬ್ಬಾಗಿ ಬೆಳೆಯಿತು. ಸಲೀಂ ಹೋದ ವರ್ಷ ಅದು ಸ್ಕಾಟ್‌ಲ್ಯಾಂಡಿನ ಲೀಗ್ ಚಾಂಪಿಯನ್.

ಕ್ಲಬ್ಬಿನ ಮ್ಯಾನೇಜರ್ ವಿಲ್ಲಿ ಮೇಲಿ. 1897ರಿಂದ ಆ ಕುರ್ಚಿಯಲ್ಲಿದ್ದ ಹಿರಿಯ. ಭಾರತದಿಂದ ಒಬ್ಬ ಆಟಗಾರ ಬಂದಿದ್ದಾನೆ, ಒಮ್ಮೆ ಪರೀಕ್ಷೆ ಮಾಡಿ ನೋಡಿ, ಆದರೆ ಆತ ಬೂಟು ಹಾಕುವುದಿಲ್ಲ ಅಂತ ದಾಯಾದಿ ತಮ್ಮ ಹೇಳಿದಾಗ ಮೇಲಿಯವರಿಗೆ ನಗು ಬಂದಿತಂತೆ. ಆದರೂ ಅವಕಾಶ ಕೊಟ್ಟರು. ಕ್ಲಬ್ಬಿನ ಸದಸ್ಯರು, ತರಬೇತುದಾರರು ಎಲ್ಲ ನಿಂತು ನೋಡುತ್ತಿದ್ದಾಗ ಸಲೀಂ ಚೆಂಡು ಹಿಡಿದರು. ನಗು ನಿಂತಿತು. ಮುಂದಿನ ಪಂದ್ಯಕ್ಕೇ ಹೆಸರು ಬರೆದುಕೊಂಡರು.

ಸೆಲ್ಟಿಕ್‌ನ ಎರಡನೇ ತಂಡದ ಪರವಾಗಿ ಅವರು ಎರಡು ಪಂದ್ಯ ಆಡಿದರು. ಹ್ಯಾಮಿಲ್ಟನ್ ತಂಡದ ವಿರುದ್ಧ 5-1, ಗಾಲ್ಸ್ಟನ್ ತಂಡದ ವಿರುದ್ಧ 7-1 ಗೆಲುವು. ಚೆಂಡು ಹೆಬ್ಬೆರಳಿನಿಂದ ಕಿರುಬೆರಳಿಗೆ ಜಾರುವುದನ್ನು, ಅಲ್ಲಿಂದ ಎದುರಾಳಿಯ ತಲೆ ಮೇಲಿಂದ ಗೋಲಿನ ಮುಂದೆ ಹೋಗಿ ಬೀಳುವುದನ್ನು ಕಂಡು ಅಲ್ಲಿಯ ಪತ್ರಿಕೆಗಳು ಅವರನ್ನು ಕಣ್ಕಟ್ಟಿನ ಆಟಗಾರನಿಗೆ ಹೋಲಿಸಿ ಬರೆದವು. ಆ ದಿನಗಳ ಒಂದು ಫೋಟೋ ಇಂದಿಗೂ ಪ್ರಸಿದ್ಧ. ಸೆಲ್ಟಿಕ್‌ನ ಹಳೆಯ ಹೆಸರಾಂತ ಆಟಗಾರ ಜಿಮ್ಮಿ ಮೆಕ್‌ಮೆನೆಮಿ ಕೆಳಗೆ ಬಗ್ಗಿ ಸಲೀಂ ಕಾಲಿಗೆ ಪಟ್ಟಿ ಸುತ್ತುತ್ತಿದ್ದಾರೆ. ಯೋಚನೆ ಮಾಡಿ, ಆಳುವ ದೇಶದ ಹಿರಿಯನೊಬ್ಬ ಆಳಿಸಿಕೊಳ್ಳುವ ದೇಶದ ಹುಡುಗನ ಪಾದ ಹಿಡಿದಿದ್ದಾನೆ. 1936ರಲ್ಲಿ ಅದು ಸಣ್ಣ ಸಂಗತಿ ಅಲ್ಲ.

ಅಲ್ಲೇ ಉಳಿದಿದ್ದರೆ ಸಂಬಳ ಸಿಗುತ್ತಿತ್ತು. ಜರ್ಮನಿಯ ಕ್ಲಬ್ಬೊಂದು ಕೂಡ ಕರೆಯಿತು ಅಂತ ಹೇಳ್ತಾರೆ. ಆದರೆ ಸಲೀಂಗೆ ಊರು ನೆನಪಾಗತೊಡಗಿತು. ಹೊರದೇಶಕ್ಕೆ ದುಡಿಯಲು ಹೋದವರು ಎಷ್ಟೋ ಮಂದಿ ನಮ್ಮ ಮನೆಗಳಲ್ಲಿ ಇದ್ದಾರೆ. ಆ ಸಂಕಟ ನಮಗೆ ಬಿಡಿಸಿ ಹೇಳಬೇಕಾಗಿಲ್ಲ. ಅವರನ್ನು ಉಳಿಸಿಕೊಳ್ಳಲು ಕ್ಲಬ್ಬು ಒಂದು ಉಪಾಯ ಮಾಡಿತು. ಧರ್ಮಾರ್ಥ ಪಂದ್ಯವೊಂದನ್ನು ಏರ್ಪಡಿಸಿ ಟಿಕೆಟ್ ಹಣದಲ್ಲಿ ನೂರಕ್ಕೆ ಐದು ಪಾಲು ಸಲೀಂಗೆ ಕೊಡುವುದಾಗಿ ಹೇಳಿತು. ಆ ಪಂದ್ಯಕ್ಕೆ ಅನಾಥ ಮಕ್ಕಳನ್ನು ಅತಿಥಿಗಳಾಗಿ ಕರೆಸಲಾಗಿತ್ತು. ತನ್ನ ಪಾಲು ಏನಿದೆಯೋ ಅದು ಆ ಯತೀಂ ಮಕ್ಕಳಿಗೇ ಹೋಗಲಿ ಅಂತ ಸಲೀಂ ಹೇಳಿದರಂತೆ. ಆ ಐದು ಪಾಲು ಎಷ್ಟು ಹಣವಾಗುತ್ತದೆ ಅನ್ನುವುದೇ ಅವರಿಗೆ ಗೊತ್ತಿರ್ಲಿಲ್ಲ. ಲೆಕ್ಕ ಮಾಡಿದ ಮೇಲೆ ದೊಡ್ಡ ಮೊತ್ತ ಅಂತ ತಿಳಿಯಿತು. ಆಗಲೂ ಮಾತು ಬದಲಿಸಲಿಲ್ಲ ಎಂದು ಅವರ ಬದುಕಿನ ಬಗ್ಗೆ ಬರೆದವರು ದಾಖಲಿಸಿದ್ದಾರೆ.

ಮಕ್ಕಳ ಹಸಿವಿಗಾಗಿ ಹುಟ್ಟಿದ ಕ್ಲಬ್ಬು. ಅಲ್ಲಿಗೆ ಸಾವಿರಾರು ಮೈಲಿ ದೂರದಿಂದ ಬಂದ ಒಬ್ಬ ಬಡವ ಅದೇ ಊರಿನ ಅನಾಥ ಮಕ್ಕಳಿಗೆ ತನ್ನ ಪಾಲು ಬಿಟ್ಟು ಹಡಗು ಹತ್ತಿದ. ಇದಕ್ಕೆ ಯಾವ ಭಾಷೆಯಲ್ಲೂ ವ್ಯಾಖ್ಯಾನ ಬೇಡ.

ಊರಿಗೆ ಬಂದ ಸಲೀಂ ಮತ್ತೆ ಮೊಹಮ್ಮದನ್ ಸ್ಪೋರ್ಟಿಂಗ್ ಸೇರಿ 1937, 1938ರ ಗೆಲುವುಗಳಲ್ಲಿ ಪಾಲುಗೊಂಡರು. ವಯಸ್ಸು ಮೂವತ್ತನಾಲ್ಕು ಆಗಿತ್ತು. ವಿಂಗ್‌ನಲ್ಲಿ ಓಡುವ ಆಟಗಾರನಿಗೆ ಅದು ಮುಸ್ಸಂಜೆ. ಆಮೇಲೆ ದೇಶದಲ್ಲಿ ಏನೇನಾಯಿತು ಗೊತ್ತೇ ಇದೆ. ಯುದ್ಧ, ಬಂಗಾಳದ ಬರ, ಗಲಭೆ, ವಿಭಜನೆ. ಮೊಹಮ್ಮದನ್ ಸ್ಪೋರ್ಟಿಂಗ್ ಆಟ ನೋಡಲು ಢಾಕಾದಿಂದ ಬರುತ್ತಿದ್ದ ಅಭಿಮಾನಿಗಳು ಬೇರೆ ದೇಶದವರಾದರು. ಹೊಸ ಆಟಗಾರರು ಬಂದರು. ಸ್ವತಂತ್ರ ಭಾರತದ ತಂಡ 1948ರಲ್ಲಿ ಲಂಡನ್ ಒಲಿಂಪಿಕ್ಸ್‌ಗೆ ಹೋಯಿತು. ಅಲ್ಲಿಯೂ ಹೆಚ್ಚಿನವರು ಬರಿಗಾಲಿನವರೇ. ಹನ್ನೆರಡು ವರ್ಷದ ಹಿಂದೆ ಒಂಟಿಯಾಗಿ ಅದೇ ಬ್ರಿಟನ್ನಿಗೆ ಹೋಗಿ ಬರಿಗಾಲಲ್ಲಿ ಆಡಿ ಬಂದವರನ್ನು ಆ ಗದ್ದಲದಲ್ಲಿ ಎಷ್ಟು ಜನ ನೆನೆದರೋ!

ವರ್ಷಗಳು ಕಳೆದವು. ಸಲೀಂ ಮುದುಕರಾದರು, ಕಾಯಿಲೆ ಬಿದ್ದರು. ಆಗ ಅವರ ಮಗ ಗ್ಲಾಸ್ಗೋದ ಸೆಲ್ಟಿಕ್ ಕ್ಲಬ್ಬಿಗೆ ಒಂದು ಕಾಗದ ಬರೆದರು. ನಿಮ್ಮಲ್ಲಿ ಒಂದು ಕಾಲಕ್ಕೆ ಆಡಿದ ನನ್ನ ತಂದೆಗೆ ಹುಷಾರಿಲ್ಲ, ಚಿಕಿತ್ಸೆಗೆ ಹಣ ಬೇಕಾಗಿದೆ ಎಂಬುದು ಅದರ ಸಾರ. ಬರೀ ಎರಡು ಪಂದ್ಯ ಆಡಿದವರು. ಅದೂ ಎಷ್ಟೋ ದಶಕಗಳ ಹಿಂದೆ, ಅದೂ ಎರಡನೇ ತಂಡದಲ್ಲಿ. ಅಂಥ ಕಾಗದಕ್ಕೆ ಉತ್ತರ ಬರುತ್ತದೆ ಅಂತ ಯಾರು ನಂಬ್ತಾರೆ?

ಉತ್ತರ ಬಂತು. ಲಕೋಟೆಯೊಳಗೆ ಕ್ಲಬ್ಬಿನ ಪತ್ರ, ಜೊತೆಗೆ ನೂರು ಪೌಂಡಿನ ಬ್ಯಾಂಕ್ ಡ್ರಾಫ್ಟ್.

ಮಗ ಆ ಡ್ರಾಫ್ಟನ್ನು ನಗದು ಮಾಡಿಸಲಿಲ್ಲ. ಹಣ ಕೇಳುವುದು ತನ್ನ ಉದ್ದೇಶವೇ ಆಗಿರಲಿಲ್ಲ, ತಂದೆಯ ನೆನಪು ಅಲ್ಲಿ ಇನ್ನೂ ಬದುಕಿದೆಯೋ ಇಲ್ಲವೋ ಅಂತ ತಿಳಿಯಬೇಕಿತ್ತು ಅಷ್ಟೇ, ಎಂದು ಅವರು ಮುಂದೊಂದು ದಿನ ಹೇಳಿಕೊಂಡರು. ಆ ಡ್ರಾಫ್ಟನ್ನು ಸಾಯುವ ತನಕ ಕಾಪಾಡಿಕೊಳ್ಳುವುದಾಗಿಯೂ ಹೇಳಿದರು. ಸಲೀಂ 1980ರಲ್ಲಿ ಇಹಲೋಕ ಬಿಟ್ಟು ಹೋದರು.

ನೂರು ಪೌಂಡು ದೊಡ್ಡ ಮೊತ್ತವೇನಲ್ಲ. ದೀರ್ಘ ಕಾಯಿಲೆಗೆ ಅದು ಎಷ್ಟು ದಿನದ ಮದ್ದಾದೀತು? ಆದರೆ ಆ ಮನೆಗೆ ಬೇಕಾದ ಮದ್ದು ಅದರಲ್ಲೇ ಇತ್ತು. ನಿಮ್ಮ ತಂದೆಯನ್ನು ನಾವು ಮರೆತಿಲ್ಲ ಎಂಬ ಮಾತು. ಕ್ಲಬ್ಬಿನ ತಿಜೋರಿ ಅಂದ್ರೆ ಏನು? ವಾರ ವಾರ ಟಿಕೆಟ್ ತೆಗೆದು ಒಳಗೆ ಬಂದ ಅಭಿಮಾನಿಯ ದುಡ್ಡು. ಹಾಗೆ ನೋಡಿದರೆ ಸಲೀಂ ಕಾಲಿನ ಆಟ ನೋಡಿ ಚಪ್ಪಾಳೆ ಹೊಡೆದ ಊರೇ ಆ ನೂರು ಪೌಂಡು ಕಳಿಸಿತು.

ಕೈಚಾಚದೆ ಇರುವ ಬಡವರ ವಿಷಯ ಕುರ್‌ಆನ್‌ನ ಅಲ್‌ಬಖರ ಅಧ್ಯಾಯದಲ್ಲಿ ಬರುತ್ತದೆ. ಅವರ ಸ್ವಾಭಿಮಾನ ನೋಡಿ ತಿಳಿಯದವರು ಇವರು ಅನುಕೂಲಸ್ಥರು ಅಂತ ಭಾವಿಸ್ತಾರೆ, ಅವರು ಜನರನ್ನು ಕಾಡಿ ಬೇಡುವುದಿಲ್ಲ, ಗುರುತು ನೋಡಿ ನಾವೇ ತಿಳಿಯಬೇಕು ಎಂಬುದು ಅಲ್ಲಿಯ ಬೋಧನೆ. ಹಳೆಯ ಆಟಗಾರರು ಹೆಚ್ಚಾಗಿ ಈ ಸಾಲಿನವರು. ಒಂದು ಕಾಲಕ್ಕೆ ಮೈದಾನ ತುಂಬ ಹೆಸರು ಕೂಗಿಸಿಕೊಂಡವರಿಗೆ ಬಾಗಿಲಲ್ಲಿ ನಿಂತು ಕೇಳುವುದು ಸಾವಿಗಿಂತ ಕಷ್ಟ. ಮನೆಯಲ್ಲಿ ಕಪ್ಪು, ಮೆಡಲು, ಮಾಸಿದ ಫೋಟೋ ಗೋಡೆ ತುಂಬ ಇರುತ್ತವೆ. ಮದ್ದಿನ ಚೀಟಿ ಮಾತ್ರ ದಿಂಬಿನ ಕೆಳಗೆ ಇರುತ್ತದೆ.

ಈ ಸಾಲಿನ ಜನ ನಮ್ಮ ಹತ್ತಿರವೂ ಇದ್ದಾರೆ. ಕರಾವಳಿಯಲ್ಲಿ ಫುಟ್ಬಾಲ್ ಹೇಗೋ, ಇಲ್ಲಿ ವಿಜಯಪುರದ ಕಡೆ ಕುಸ್ತಿ ಮತ್ತು ಸೈಕಲ್ ಹಾಗೆ. ರಾಜ್ಯದ ಸೈಕಲ್ ಪಟುಗಳಲ್ಲಿ ದೊಡ್ಡ ಪಾಲು ವಿಜಯಪುರ, ಬಾಗಲಕೋಟೆ ಜಿಲ್ಲೆಯವರು. ಟಿಕೋಟಾ, ಬಬಲೇಶ್ವರ ಇವತ್ತು ತಾಲ್ಲೂಕು ಕೇಂದ್ರಗಳಾಗಿ ಬೆಳೆದಿವೆ. ಸುತ್ತಲೂ ದ್ರಾಕ್ಷಿ ತೋಟ. ಆದರೆ ಜಾತ್ರೆ, ಉರೂಸ್ ಬಂದರೆ ಈ ಭಾಗದ ಹಳ್ಳಿಗಳಲ್ಲಿ ಇಂದಿಗೂ ಹಲಗಿ ಬಾರಿಸಿ ಜಂಗಿ ಕುಸ್ತಿ ನಡೆಸ್ತಾರೆ. ಗೆದ್ದ ಪೈಲ್ವಾನನಿಗೆ ಬೆಳ್ಳಿ ಕಡಗ. ಹಿಂದೂ ಪೈಲ್ವಾನ, ಮುಸ್ಲಿಂ ಪೈಲ್ವಾನ ಒಂದೇ ಗರಡಿಯ ಮಣ್ಣು ಮೈಗೆ ಹಚ್ಚಿಕೊಂಡವರು. ಆ ಮೈಗೆ ದಿನಾ ಹಾಲು, ಬಾದಾಮಿ, ತುಪ್ಪ ಬೇಕಾಗಿತ್ತು. ಕುಸ್ತಿ ಬಿಟ್ಟ ಮೇಲೆ ಅದೇ ಮೈಗೆ ಸೊಂಟ ನೋವು, ಮಂಡಿ ನೋವು. ತೋಟ ಕಾಯುವ ಕೆಲಸಕ್ಕೂ ಮೈ ಬಗ್ಗುವುದಿಲ್ಲ.

ಸರಕಾರದ ಕಡೆಯಿಂದ ಏನೂ ಇಲ್ಲ ಎನ್ನುವ ಹಾಗಿಲ್ಲ. ಕಷ್ಟದಲ್ಲಿರುವ ಹಿಂದಿನ ಕ್ರೀಡಾಪಟುಗಳಿಗೆ ನೆರವಾಗಲು ಕೇಂದ್ರ ಸರಕಾರ 1982ರಲ್ಲೇ ಕ್ರೀಡಾಪಟುಗಳ ರಾಷ್ಟ್ರೀಯ ಕಲ್ಯಾಣ ನಿಧಿ ಸ್ಥಾಪಿಸಿದೆ. ಈಗ ಅದಕ್ಕೆ ಪಂಡಿತ ದೀನದಯಾಳ್ ಉಪಾಧ್ಯಾಯರ ಹೆಸರಿದೆ. ಕರ್ನಾಟಕದಲ್ಲಿ ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆ ಮಾಜಿ ಕುಸ್ತಿಪಟುಗಳಿಗೆ ಮಾಸಾಶನ ಕೊಡುತ್ತದೆ. ತೊಡಕು ಎಲ್ಲಿ ಅಂದ್ರೆ, ಇವೆಲ್ಲಕ್ಕೂ ಅರ್ಜಿ ಬೇಕು, ಆಡಿದ ದಾಖಲೆ ಬೇಕು, ಪ್ರಮಾಣಪತ್ರ ಬೇಕು. ಐವತ್ತು ವರ್ಷದ ಹಿಂದೆ ಜಾತ್ರೆಯಲ್ಲಿ ಗೆದ್ದವರ ಹತ್ತಿರ ಕಡಗ ಇದ್ದೀತು, ಕಾಗದ ಎಲ್ಲಿಂದ ಬರಬೇಕು? ಅಕ್ಷರ ಬಲ್ಲ ಒಬ್ಬ ಹುಡುಗ ಅವರ ಪಕ್ಕ ಕೂತು ಹಳೆಯ ಪತ್ರಿಕೆಯ ತುಣುಕು ಹುಡುಕಿ, ಅರ್ಜಿ ತುಂಬಿಸಿ, ಇಲಾಖೆಯ ಕಚೇರಿಗೆ ಎರಡು ಸಲ ಹೋಗಿ ಬಂದರೆ ಅದೂ ಒಂದು ಸದಖಾ ಅಲ್ವಾ?

ಇನ್ನೊಂದು ದಾರಿ ಸೆಲ್ಟಿಕ್‌ನವರೇ ತೋರಿಸಿದ್ದು. ಬ್ರಿಟನ್ನಿನ ಕ್ಲಬ್ಬುಗಳಲ್ಲಿ ದೀರ್ಘ ಕಾಲ ಆಡಿದ ಆಟಗಾರನ ಹೆಸರಲ್ಲಿ ಒಂದು ಪಂದ್ಯ ನಡೆಸಿ, ಟಿಕೆಟ್ ಹಣ ಅವರಿಗೇ ಕೊಡುವ ಪದ್ಧತಿ ಬಹಳ ಹಿಂದಿನಿಂದ ಇದೆ. ಅದು ಭಿಕ್ಷೆ ಅಲ್ಲ, ಆಟಗಾರನಿಗೆ ಸಲ್ಲುವ ಗೌರವ. ಕೊಡುವವನಿಗೆ ಆಟ ನೋಡಿದ ಸಂತೋಷ, ಪಡೆಯುವವನಿಗೆ ತಲೆ ತಗ್ಗಿಸಬೇಕಾಗಿಲ್ಲ. ನಮ್ಮ ಕಡೆ ಟೂರ್ನಮೆಂಟುಗಳಿಗೇನು ಕಡಿಮೆ? ಮಂಗಳೂರು, ಉಳ್ಳಾಲ, ಕಾಸರಗೋಡಿನ ಕಡೆ ಫುಟ್ಬಾಲ್, ಕಬಡ್ಡಿ, ಕ್ರಿಕೆಟ್. ಇಲ್ಲಿ ಕುಸ್ತಿ, ಕಬಡ್ಡಿ. ಆಳೆತ್ತರದ ಟ್ರೋಫಿ, ಬಣ್ಣದ ಪೆಂಡಾಲು, ಫ್ಲೆಕ್ಸು, ಎಲ್ಲಕ್ಕೂ ಖರ್ಚು ಮಾಡ್ತೇವೆ. ಪ್ರವೇಶ ಶುಲ್ಕದಲ್ಲಿ ನೂರಕ್ಕೆ ಐದು ಪಾಲು ತೆಗೆದಿಟ್ಟು ಊರಿನ ಹಳೆಯ ಆಟಗಾರರೊಬ್ಬರ ಮದ್ದಿನ ಅಂಗಡಿಯ ಲೆಕ್ಕ ತೀರಿಸಿದರೆ ಆ ಟೂರ್ನಮೆಂಟಿಗೆ ಬರಕತ್ ಹೆಚ್ಚುತ್ತದೆ, ಕಡಿಮೆಯಾಗುವುದಿಲ್ಲ. ಶಾಲು ಹೊದಿಸಿ, ಮೊಬೈಲಿನಲ್ಲಿ ಫೋಟೋ ತೆಗೆದು ಊರಿಗೆಲ್ಲ ಹಂಚುವ ಅಗತ್ಯ ಇಲ್ಲ. ಬಲಗೈ ಕೊಟ್ಟದ್ದು ಎಡಗೈಗೆ ತಿಳಿಯಬಾರದು ಎಂಬ ಪಾಠವನ್ನು ಮದ್ರಸದ ಚಿಕ್ಕ ಮಕ್ಕಳೂ ಕಲಿತಿರ್ತಾರೆ.

ನಮ್ಮ ರಾಜ್ಯಕ್ಕೂ ಫುಟ್ಬಾಲಿನ ಚರಿತ್ರೆ ಇದೆ. 1946-47ರಲ್ಲಿ ಮೈಸೂರು ತಂಡ ಸಂತೋಷ್ ಟ್ರೋಫಿ ಗೆದ್ದಿತು. ಬೆಂಗಳೂರಿನ ಅಹ್ಮದ್ ಖಾನ್ ಕಲ್ಕತ್ತಾದ ಈಸ್ಟ್ ಬೆಂಗಾಲ್ ತಂಡದ ಕಣ್ಮಣಿಯಾಗಿ ಮೆರೆದರು, 1948 ಮತ್ತು 1952ರ ಒಲಿಂಪಿಕ್ಸ್‌ನಲ್ಲಿ ಆಡಿದರು. ಆ ಕಾಲದ ಮೈಸೂರು ತಂಡದ ಎಷ್ಟು ಹೆಸರು ನಮಗೆ ಗೊತ್ತು? ಅವರು ಆಮೇಲೆ ಹೇಗೆ ಬದುಕಿದರು ಅಂತ ಯಾರಾದರೂ ವಿಚಾರಿಸಿದ್ದೇವಾ? ನೆರವಿನ ಮೊದಲ ಮೆಟ್ಟಿಲು ನೆನಪು. ಹೆಸರೇ ಮರೆತುಹೋದವರ ಮನೆಗೆ ದುಡ್ಡು ದಾರಿ ಹುಡುಕಿಕೊಂಡು ಹೋಗುವುದಿಲ್ಲ.

ಸಲೀಂ ಅವರ ಪುಣ್ಯ, ಅವರಿಗೆ ಕಾಗದ ಬರೆಯಬಲ್ಲ ಮಗ ಇದ್ದರು, ಉತ್ತರ ಬರೆಯಬಲ್ಲ ಕ್ಲಬ್ಬು ಇತ್ತು. ಎಲ್ಲ ಹಳೆಯ ಆಟಗಾರರಿಗೂ ಈ ಎರಡು ಇರುವುದಿಲ್ಲ. ನಿಮ್ಮ ಜಮಾಅತಿನಲ್ಲಿ, ನಿಮ್ಮ ಓಣಿಯಲ್ಲಿ ಒಂದು ಕಾಲಕ್ಕೆ ಗೋಲು ಹೊಡೆದವರು, ಕುಸ್ತಿ ಹಿಡಿದವರು, ಸೈಕಲ್ ತುಳಿದವರು ಯಾರಿದ್ದಾರೆ ಅಂತ ಈ ಜುಮಾ ದಿನ ಒಮ್ಮೆ ವಿಚಾರಿಸಿ. ಮನೆಗೆ ಹೋಗಿ ಸಲಾಂ ಹೇಳಿ, ಹಳೆಯ ಪಂದ್ಯದ ಕಥೆ ಕೇಳಿ. ಕೇಳುತ್ತ ಕೂತರೆ ಮದ್ದಿನ ಚೀಟಿ ತಾನಾಗಿ ಕಣ್ಣಿಗೆ ಬೀಳುತ್ತದೆ. ಅವರ ಮಗ ಕಾಗದ ಬರೆಯುವ ತನಕ ಕಾಯುವುದು ಬೇಡ.